ಡಿ.ಜೆ. – ಗದ್ದಲವೋ, ಕಲೆಯೋ?

ಪೆರ್ಡೂರಿನವನೊಬ್ಬ ಡಿ.ಜೆ.ಯ ಪರವಾಗಿ ಲೇಖನಿ ಹಿಡಿದನೆಂದರೆ ಗುರುಹಿರಿಯರು ಹುಬ್ಬೇರಿಸುವುದು ಸಹಜ. ಅನಂತಪದ್ಮನಾಭ ದೇವರ ಹೆಸರಿನ ಯಕ್ಷಗಾನ ಮೇಳವಿರುವ ಊರು ನಮ್ಮದು. ಚೆಂಡೆಯ ಸದ್ದಿಗೆ ನಿದ್ದೆಗೆಟ್ಟು ಬೆಳೆದವರು ನಾವು. ಆದರೂ, ಕಾಲೇಜು ದಿನಾಚರಣೆಗೆ ಡಿ.ಜೆ. ಬೇಕೆ ಬೇಡವೆ ಎಂಬ ಚರ್ಚೆಯಲ್ಲಿ ಉಭಯ ಪಕ್ಷದವರೂ ಅದು ಬರಿಯ ಗದ್ದಲವೆಂದೇ ಒಪ್ಪಿಕೊಂಡು ಮಾತನಾಡಿದುದು ನನಗೆ ಸರಿದೋರಲಿಲ್ಲ. ಒಬ್ಬರಿಗೆ ಆ ಗದ್ದಲ ಬೇಕು, ಇನ್ನೊಬ್ಬರಿಗೆ ಬೇಡ, ಅಷ್ಟೆ!

ಕಾಲೇಜಿನ ಶುಲ್ಕಕ್ಕಾಗಿ ಎರಡು ವರ್ಷ ಮೆಹಂದಿ ಮನೆಗಳಿಗೆ ಧ್ವನಿವರ್ಧಕದ ಪೆಟ್ಟಿಗೆಗಳನ್ನು ಹೊತ್ತವನು ನಾನು. ಅಲ್ಲಿ ನಡೆಯುವುದು ಬಹುಮಟ್ಟಿಗೆ ಒಂದರ ಹಿಂದೊಂದು ಹಾಡು ಹಾಕಿ ಸದ್ದು ಏರಿಸುವ ಕೆಲಸ. ಮಿಕ್ಸಿಂಗ್ ಎಂಬುದು ಬೇರೆಯೇ. ಅದನ್ನು ಕಂಡದ್ದು ಮಣಿಪಾಲದಲ್ಲಿ, ಒಂದು ರಾತ್ರಿ, ಡಬ್‌ಸ್ಟೆಪ್ ನುಡಿಸುತ್ತಿದ್ದ ಯುವಕನೊಬ್ಬನ ಬೆನ್ನ ಹಿಂದೆ ನಿಂತಿದ್ದಾಗ.

ಒಂದು ಹಾಡು ಸಭೆಗೆ ಕೇಳುತ್ತಿರುವಂತೆಯೇ ಮುಂದಿನದನ್ನು ಅವನು ಹೆಡ್‌ಫೋನಿನಲ್ಲಿ ಒಂಟಿ ಕಿವಿಯಿಂದ ಆಲಿಸಿ ಲಯ ಕೂಡಿಸುತ್ತಿದ್ದ. ಹುಡುಗರು ‘ಬೇಸ್’ ಎನ್ನುವ ಮಂದ್ರವನ್ನು ಒಂದು ಹಾಡಿನಲ್ಲಿ ತಗ್ಗಿಸಿಯೇ ಇನ್ನೊಂದರಲ್ಲಿ ಬಿಡುತ್ತಿದ್ದ. ಎರಡೂ ಒಟ್ಟಿಗೆ ಬಂದರೆ ಬರಿಯ ಕೆಸರು. ಅದರ ನಡೆ ನಿಮಿಷಕ್ಕೆ ಸುಮಾರು 140 ಪೆಟ್ಟು. ಆದರೆ ದೊಡ್ಡ ಪೆಟ್ಟುಗಳು ವಿರಳವಾದುದರಿಂದ ಮೈ 70ರ ವಿಳಂಬದಲ್ಲಿ ಓಲಾಡುತ್ತದೆ. ನಡುವೆ ಒಮ್ಮೆ ಮಂದ್ರವನ್ನೆಲ್ಲ ತೆಗೆದುಬಿಟ್ಟ. ಸಭೆ ಉಸಿರು ಬಿಗಿಹಿಡಿಯಿತು. ಮತ್ತೆ ಬಿಟ್ಟಾಗ ಅದು ಕಿವಿಗಲ್ಲ, ಎದೆಗೂಡಿಗೇ ತಟ್ಟಿತು. ನನ್ನ ಅಂಗಿಯ ಗುಂಡಿ ನಡುಗಿತು. ಜನ ಕೂಗಿದರು, ಅವನು ಹಾಡನ್ನು ಅಲ್ಲಿಗೇ ನಿಲ್ಲಿಸಿ ಮೊದಲಿನಿಂದ ನುಡಿಸಿದ. ಕಂಪೆನಿ ನಾಟಕಗಳ ‘ಒನ್ಸ್ ಮೋರ್’ ಇದಲ್ಲದೆ ಮತ್ತೇನು?

ಅವನ ಕಣ್ಣು ಯಂತ್ರಕ್ಕಿಂತ ಹೆಚ್ಚಾಗಿ ಸಭೆಯ ಮೇಲಿತ್ತು. ವೇಷಧಾರಿಯ ಉಸಿರು ನೋಡಿ ತಾಳವನ್ನು ಬಿಗಿಗೊಳಿಸುವ ಭಾಗವತರ ನೆನಪಾಯಿತು. ‘ಬೇರೆಯವರು ಮಾಡಿದ ಹಾಡಿಗೆ ಇವನದೇನು ಹೆಚ್ಚುಗಾರಿಕೆ?’ ಎನ್ನುವರು. ಪ್ರಸಂಗವನ್ನೂ ಬಹುಶಃ ಬೇರೆಯವರೇ ಬರೆದಿರುತ್ತಾರಲ್ಲವೆ? ಭಾಗವತರಿಗೆ ಕಂಠವೂ ಬೇಕು, ಇವನಿಗೆ ಬೇಡ. ಇಬ್ಬರೂ ಸಮಾನರೆಂದು ನಾನು ಹೇಳಲಾರೆ.

ಇದು ಸಿರಿವಂತರ ಮನೆಯಲ್ಲಿ ಹುಟ್ಟಿದ ವಿನೋದವೂ ಅಲ್ಲ. ಹಾಡಿನಿಂದ ಗಾಯನವನ್ನು ಕಳೆದು ಮಂದ್ರ ಮತ್ತು ತಾಳವನ್ನೇ ಮೆರೆಸುವ ‘ಡಬ್’ ಜಮೈಕಾದ್ದು. 2000ದ ಬಳಿಕ ದಕ್ಷಿಣ ಲಂಡನ್ನಿನ ಕ್ರಾಯ್ಡನ್ನಿನ ಹುಡುಗರು ಮನೆಯ ಕಂಪ್ಯೂಟರುಗಳಲ್ಲೇ ಡಬ್‌ಸ್ಟೆಪ್ಪನ್ನು ಕಟ್ಟಿದರು.

ರಾತ್ರಿ 10ರಿಂದ ಬೆಳಿಗ್ಗೆ 6ರ ತನಕ ಧ್ವನಿವರ್ಧಕಕ್ಕೆ 2000ನೆಯ ಇಸವಿಯ ನಿಯಮಗಳ ತಡೆಯಿದೆ; ಅದು ಉಚಿತವೇ. ಸಂಜೆ 6ರಿಂದ 8ರ ವರೆಗೆ, ಹಿತಮಿತವಾದ ಸದ್ದಿನಲ್ಲಿ, ನಿಜವಾಗಿ ಬೆರೆಸಬಲ್ಲವನೊಬ್ಬನನ್ನು ಕರೆಸೋಣವೆಂಬುದು ನನ್ನ ಸೂಚನೆ.

ನನ್ನ ಅಪ್ಪ ಶಾಲೆಯ ಮೆಟ್ಟಲು ಹತ್ತಿದವರಲ್ಲ. ಆದರೆ ಮಲಗಿದಲ್ಲಿಂದಲೇ, ದೂರದ ಚೆಂಡೆ ಕೇಳಿ, ಯಾವ ಬಗೆಯ ವೇಷ ಬಂತೆಂದು ಹೇಳಬಲ್ಲರು. ಆ ರಾತ್ರಿಯ ಧ್ವನಿಮುದ್ರಣವನ್ನು ಅವರಿಗೆ ಮೊಬೈಲಿನಲ್ಲಿ ಕೇಳಿಸಿದೆ. ಸ್ವಲ್ಪ ಹೊತ್ತು ಆಲಿಸಿ, “ಇದರಲ್ಲಿ ಮದ್ದಳೆ ಎಲ್ಲಿ ಮಾರಾಯ?” ಎಂದರು. ಅವರ ಕಿವಿ ಸರಿಯಾಗಿಯೇ ಹಿಡಿದಿತ್ತು. ಆ ಪುಟ್ಟ ಮೊಬೈಲಿನಲ್ಲಿ ಅಂಥ ಮಂದ್ರ ಹೊರಡುವುದೇ ಇಲ್ಲ. ದಿನಾಚರಣೆಗೆ ಡಿ.ಜೆ. ಬಂದರೆ ಅಪ್ಪನನ್ನು ಕರೆತಂದು ಮುಂದಿನ ಸಾಲಿನಲ್ಲಿ ಕುಳ್ಳಿರಿಸುತ್ತೇನೆ.