ಸಾಕ್ಷಿಯನ್ನೇ ಬದಲಿಸುವ ರಿಪೇರಿ

ಹಡಗಲಿಯ ಮಲ್ಲಿಗೆಗೆ ಭೌಗೋಳಿಕ ಸೂಚಕದ ಮಾನ್ಯತೆ ಇದೆ. ಮಾನ್ಯತೆ ಇದೆಯೆಂದು ಮೊಗ್ಗು ಕಾಯುವುದಿಲ್ಲ. ಬಿಡಿಸಿದ ಮೊಗ್ಗು ಅರಳುವ ಮೊದಲು ಪೇಟೆ ಮುಟ್ಟಬೇಕು. ನನ್ನ ಚಿಕ್ಕಪ್ಪನ ಮಗ ಎಂಟು ವರ್ಷ ಹಳೆಯ ಪೆಟ್ರೋಲ್ ಪಿಕಪ್ಪಿನಲ್ಲಿ ಈ ಬಾಡಿಗೆ ಹೊಡೆಯುತ್ತಾನೆ. ಹೋದ ವರ್ಷ ಅವನ ಗಾಡಿಯ ಮೀಟರಿನಲ್ಲಿ ಎಂಜಿನ್ ಚಿತ್ರದ ಹಳದಿ ದೀಪ ಹತ್ತಿತು, ಮೈಲೇಜ್ ಇಳಿಯಿತು. ಒಂದು ದಿನದ ದುಡಿಮೆ ಬಿಟ್ಟು ದೂರದ ಸರ್ವಿಸ್ ಸೆಂಟರಿಗೆ ಹೋದ. ಸ್ಕ್ಯಾನರ್ ಹಚ್ಚಿದರು, ‘ಆಕ್ಸಿಜನ್ ಸೆನ್ಸರ್ ಹೋಗಿದೆ’ ಎಂದರು, ಹೊಸದು ಹಾಕಿ ಐದು ಸಾವಿರದ ಮೇಲೆ ಬಿಲ್ಲು ಕೊಟ್ಟರು. ನಾಲ್ಕನೇ ದಿನ ದೀಪ ಮತ್ತೆ ಹತ್ತಿತು.

“ಅಣ್ಣಾ, ಹೊಸಾ ಸೆನ್ಸರೂ ಕೆಟ್ಟೈತಂತ. ಇನ್ನೊಂದು ಹಾಕಸ್ಬೇಕಂತ” ಎಂದು ಫೋನ್ ಮಾಡಿದ.

ಅದು ಕೆಟ್ಟಿರಲಿಲ್ಲ. ಕಿತ್ತು ಹಾಕಿದ ಹಳೆಯದೂ ಕೆಟ್ಟಿರಲಿಲ್ಲ.

ಈ ಸೆನ್ಸರ್ ಎಂಜಿನ್ನಿನಿಂದ ಹೊಗೆ ಹೊರಡುವ ಪೈಪಿನಲ್ಲಿ ಕೂತಿರುತ್ತದೆ. ಸ್ಪಾರ್ಕ್ ಪ್ಲಗ್ಗಿನಂತೆ ಕಾಣುವ ಅದರ ಹೊಟ್ಟೆಯಲ್ಲಿ ಜಿರ್ಕೋನಿಯಾ ಎಂಬ ಪಿಂಗಾಣಿಯಂಥ ವಸ್ತುವಿದೆ. ಹೊಗೆಯಲ್ಲಿ ಆಮ್ಲಜನಕ ಹೆಚ್ಚು ಉಳಿದಿದ್ದರೆ ಅದು ಸುಮಾರು 0.1 ವೋಲ್ಟ್ ಕೊಡುತ್ತದೆ, ಪೆಟ್ರೋಲ್ ಹೆಚ್ಚಾಗಿದ್ದರೆ ಸುಮಾರು 0.9. ಒಂದು ಭಾಗ ಪೆಟ್ರೋಲಿಗೆ ತೂಕದಲ್ಲಿ 14.7 ಭಾಗ ಗಾಳಿ ಬೇಕು. ಆ ಲೆಕ್ಕ ತಪ್ಪದಂತೆ ಕಂಪ್ಯೂಟರು ಇದರ ಮಾತು ಕೇಳಿ ಪೆಟ್ರೋಲ್ ಹೆಚ್ಚು ಕಡಿಮೆ ಮಾಡುತ್ತದೆ. ಬಾಷ್ ಕಂಪನಿಯ ಈ ಸೆನ್ಸರ್ 1976ರಲ್ಲೇ ವೋಲ್ವೋ ಕಾರಿಗೆ ಬಂದಿತ್ತು. ಅರ್ಧ ಶತಮಾನದ ಹಳೆಯ ವಿದ್ಯೆ ಇದು. ಆದರೂ ನಮ್ಮಲ್ಲಿ ಇದನ್ನು ಇನ್ನೂ ಮಂತ್ರದಂತೆ ಮುಚ್ಚಿಡುತ್ತಾರೆ.

ಸ್ಕ್ಯಾನರಿನಲ್ಲಿ ಬಂದದ್ದು ಪಿ0171. ಅಂದರೆ ‘ಗಾಳಿ ಹೆಚ್ಚು, ಪೆಟ್ರೋಲ್ ಕಡಿಮೆ’. ಸೆನ್ಸರ್ ಕೆಟ್ಟಿದೆ ಎಂದು ಆ ಕೋಡಿನಲ್ಲಿ ಎಲ್ಲಿಯೂ ಇಲ್ಲ. ಕೋಡು ಹೇಳುವುದು ದೂರನ್ನು. ತೀರ್ಪನ್ನು ಮನುಷ್ಯ ಕೊಡಬೇಕು. ಸರ್ವಿಸ್ ಸೆಂಟರಿನವರು ದೂರು ಹೇಳಿದ ಸಾಕ್ಷಿಯನ್ನೇ ತೆಗೆದು ಇನ್ನೊಬ್ಬ ಸಾಕ್ಷಿಯನ್ನು ನಿಲ್ಲಿಸಿದರು. ಅವನೂ ಅದೇ ಮಾತು ಹೇಳಿದ.

ಕೊನೆಗೆ ತಮ್ಮ ಗಾಡಿ ಒಯ್ದದ್ದು ಕೂಡ್ಲಿಗಿಯ ಒಂದು ತಗಡಿನ ಶೆಡ್ಡಿಗೆ. ಅಲ್ಲಿಯ ಮೇಸ್ತ್ರಿ ಮೊದಲು ಪ್ಲಗ್ ಬಿಚ್ಚಿ ನೋಡಿದರು. ಕಪ್ಪು ಮಸಿ. “ಪೆಟ್ರೋಲ್ ಕಮ್ಮಿ ಆಗೈತಿ ಅಂತ ಮಿಷನ್ ಹೇಳ್ತೈತಿ, ಪ್ಲಗ್ ನೋಡಿದ್ರ ಜಾಸ್ತಿ ಕುಡದೈತಿ. ಇಬ್ಬರಾಗ ಒಬ್ರು ಸುಳ್ಳು ಹೇಳಾಕತ್ಯಾರ ನೋಡ್ರಿ” ಎಂದರು. ಗಾಡಿಯನ್ನು ರಾತ್ರಿಯೆಲ್ಲ ಅಲ್ಲೇ ನಿಲ್ಲಿಸಿಕೊಂಡು, ಬೆಳಿಗ್ಗೆ ತಣ್ಣಗಿದ್ದಾಗಲೇ ಸ್ಟಾರ್ಟ್ ಮಾಡಿ ಕಿವಿಗೊಟ್ಟರು. ಸೆನ್ಸರಿಗಿಂತ ಮೇಲೆ, ಎಂಜಿನ್ನಿಗೆ ಪೈಪು ಕೂಡುವಲ್ಲಿ ಗ್ಯಾಸ್ಕೆಟ್ ಸೀಳಿತ್ತು. ಅಲ್ಲಿಂದ ಹೊರಗಿನ ಗಾಳಿ ಒಳಗೆಳೆದು ಸೆನ್ಸರಿಗೆ ತಾಕುತ್ತಿತ್ತು. ಅದನ್ನು ನಂಬಿ ಕಂಪ್ಯೂಟರು ಪೆಟ್ರೋಲ್ ಸುರಿಯುತ್ತಿತ್ತು. ಗ್ಯಾಸ್ಕೆಟ್ಟಿಗೆ ಕೆಲವು ನೂರು ರೂಪಾಯಿ, ಅರ್ಧ ದಿನದ ಕೆಲಸ.

ಇಂಥ ಕತೆ ಹೇಳಿದ ಕೂಡಲೇ ಹಳ್ಳಿ ಮೆಕ್ಯಾನಿಕ್ಕನ್ನು ಹಾಡಿ ಹೊಗಳುವ ಚಾಳಿ ನಮಗಿದೆ. ಅದು ಬೇಡ. ಹಗರಿಬೊಮ್ಮನಹಳ್ಳಿ, ಕೊಟ್ಟೂರಿನ ರಸ್ತೆಗಳಲ್ಲಿ ದೀಪದ ವೈರು ಕತ್ತರಿಸಿ ‘ರಿಪೇರಿ’ ಮಾಡಿಸಿಕೊಂಡ ಗಾಡಿಗಳನ್ನೂ ನೋಡಿದ್ದೇನೆ. ನಮ್ಮ ಕಡೆಯ ಪಿಕಪ್ಪುಗಳಲ್ಲಿ ಹೆಚ್ಚಿನವು ಡೀಸೆಲ್. ಹಳೆಯ ಡೀಸೆಲ್ ಗಾಡಿಗೆ ಈ ಸೆನ್ಸರಿನ ಗೊಡವೆ ಇರಲಿಲ್ಲವಾಗಿ ಕೈ ಪಳಗಲಿಲ್ಲ. ನಿಜವಾಗಿ ಸತ್ತ ಸೆನ್ಸರ್ ಬದಲಿಸುವಾಗಲೂ ತಪ್ಪು ನಡೆಯುತ್ತದೆ. ಜಿರ್ಕೋನಿಯಾ ಕೆಲಸ ಮಾಡಲು 300 ಡಿಗ್ರಿಯಷ್ಟು ಕಾಯಬೇಕು, ಅದಕ್ಕೇ ಒಳಗೊಂದು ಹೀಟರ್ ಇದೆ. ನಾಲ್ಕು ವೈರಿನ ಸೆನ್ಸರಿನಲ್ಲಿ ಒಂದೇ ಬಣ್ಣದ ಎರಡು, ಸಾಮಾನ್ಯವಾಗಿ ಬಿಳಿಯವು, ಆ ಹೀಟರಿನವು. ಸೆನ್ಸರ್ ಕಿತ್ತೊಗೆಯುವ ಮೊದಲು ಅದರ ಫ್ಯೂಸ್ ನೋಡುವವರು ಎಷ್ಟು ಜನ? ಪೈಪು ಸ್ವಲ್ಪ ಬಿಸಿಯಿದ್ದಾಗ ಬಿಚ್ಚಿದರೆ ಥ್ರೆಡ್ ಉಳಿಯುತ್ತದೆ. ತುದಿಗೆ ಗ್ರೀಸ್ ತಾಕಬಾರದು. ಹತ್ತಿರ ಸಿಲಿಕೋನ್ ಪೇಸ್ಟ್ ಬಳಿದರೆ ಅದರ ಆವಿಗೇ ಸೆನ್ಸರ್ ಸಾಯುತ್ತದೆ. ಹಲವು ಸೆನ್ಸರುಗಳು ಹೋಲಿಕೆಗೆ ಬೇಕಾದ ಹೊರಗಾಳಿಯನ್ನು ವೈರಿನ ಒಳಗಿನಿಂದಲೇ ಎಳೆದುಕೊಳ್ಳುವುದರಿಂದ ಬೆಸುಗೆ ಹಾಕಿದರೆ ಉಸಿರು ಕಟ್ಟುತ್ತದೆ. ಇಷ್ಟು ವಿಷಯ ಒಂದು ಪುಟದಲ್ಲಿ ಮುಗಿಯುತ್ತದೆ. ಆ ಪುಟ ಕನ್ನಡದಲ್ಲಿ ಎಲ್ಲಿದೆ? ಬೆಂಗಳೂರಿನಿಂದ ‘ವಿಜ್ಞಾನ’ ಎಂಬ ಕನ್ನಡ ಮಾಸಪತ್ರಿಕೆ ಹೊರಟದ್ದು 1918ರಲ್ಲಿ. ಅಂಥ ನುಡಿಯಲ್ಲಿ ಒಂದು ವೈರಿಂಗ್ ನಕ್ಷೆ ಓದಲಾಗದು ಎಂದರೆ ನಾನು ಒಪ್ಪಲಾರೆ.

‘ಈಗಿನ ಗಾಡಿ ಸೂಕ್ಷ್ಮ, ಅಧಿಕೃತ ಕೇಂದ್ರಕ್ಕೇ ಬನ್ನಿ’ ಎಂದು ಕಂಪನಿಗಳು ಹೇಳುತ್ತವೆ. ಬರುವುದೆಲ್ಲಿಗೆ? ಹರಪನಹಳ್ಳಿ 1997ರಲ್ಲಿ ದಾವಣಗೆರೆ ಜಿಲ್ಲೆಗೆ ಹೋಯಿತು, ಮತ್ತೆ ಬಳ್ಳಾರಿಗೆ ಬಂತು, 2021ರಲ್ಲಿ ವಿಜಯನಗರಕ್ಕೆ ಸೇರಿತು. ಜಿಲ್ಲೆ ಇಷ್ಟು ಸಲ ಬದಲಾದರೂ ಅಲ್ಲಿಯವನು ಗಾಡಿಗೆ ಸ್ಕ್ಯಾನರ್ ಹಚ್ಚಿಸಲು ದಾವಣಗೆರೆಯ ಇಲ್ಲವೇ ಹೊಸಪೇಟೆಯ ದಾರಿಯನ್ನೇ ಹಿಡಿಯಬೇಕು.

ಇದು ಬರೀ ನನ್ನ ಸಿಟ್ಟಲ್ಲ. ಬಿಡಿಭಾಗ, ತಪಾಸಣಾ ಉಪಕರಣಗಳನ್ನು ಹೊರಗಿನ ಗ್ಯಾರೇಜುಗಳಿಗೆ ಕೊಡದೆ ಬಿಗಿಹಿಡಿದಿದ್ದಕ್ಕಾಗಿ ಭಾರತದ ಸ್ಪರ್ಧಾ ಆಯೋಗ 2014ರ ಆಗಸ್ಟಿನಲ್ಲಿ 14 ಕಾರು ಕಂಪನಿಗಳಿಗೆ 2,544 ಕೋಟಿ ರೂಪಾಯಿ ದಂಡ ಹಾಕಿತು, ಅವನ್ನು ಸ್ವತಂತ್ರ ಮೆಕ್ಯಾನಿಕ್ಕುಗಳಿಗೂ ಸಿಗುವಂತೆ ಮಾಡಿ ಎಂದಿತು. ಕಂಪನಿಗಳು ಮೇಲ್ಮನವಿ ಹೋದವು. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಜನ 2012ರಲ್ಲೇ ಇದಕ್ಕೆ ಮತ ಹಾಕಿ ಕಾನೂನು ಪಡೆದಿದ್ದರು. ನಮ್ಮ ಕೇಂದ್ರ ಸರ್ಕಾರ 2022ರ ಡಿಸೆಂಬರಿನಲ್ಲಿ ‘ರೈಟ್ ಟು ರಿಪೇರ್’ ಎಂಬ ಜಾಲತಾಣ ತೆರೆಯಿತು. ಕೂಡ್ಲಿಗಿಯ ತಗಡಿನ ಶೆಡ್ಡಿಗೆ ಜಾಲತಾಣದಿಂದ ಏನೂ ಇಳಿದು ಬಂದಿಲ್ಲ. 2020ರ ಏಪ್ರಿಲ್‌ನಿಂದ ಬಿಎಸ್6 ಬಂದು ಡೀಸೆಲ್ ಗಾಡಿಗಳಲ್ಲೂ ಸೆನ್ಸರುಗಳು ಹೆಚ್ಚಾಗಿವೆ. ಅವು ಹಳೆಯವಾಗಿ ಗ್ಯಾರಂಟಿ ತೀರಿ ನಮ್ಮ ಶೆಡ್ಡುಗಳಿಗೆ ಬರುವ ಕಾಲ ಈಗ ಶುರುವಾಗಿದೆ.

ಕೇಳುವುದು ದೊಡ್ಡದಲ್ಲ. ಮಾರುವ ಪ್ರತಿ ಗಾಡಿಯ ವೈರಿಂಗ್ ನಕ್ಷೆ, ಕೋಡುಗಳ ಅರ್ಥ, ತಪಾಸಣೆಯ ಕ್ರಮ ಕನ್ನಡದಲ್ಲಿ ಬಿಟ್ಟಿಯಾಗಿ ಸಿಗಲಿ. ತಾಲ್ಲೂಕಿನ ಐಟಿಐಗಳಲ್ಲಿ ಶೆಡ್ಡಿನವರಿಗೂ ಸಂಜೆ ಪಾಠ ನಡೆಯಲಿ. ಬದಲಿಸಿದ ಹಳೆಯ ಭಾಗವನ್ನು ಮಾಲೀಕನ ಕೈಗೆ ಕೊಟ್ಟೇ ಬಿಲ್ಲು ಬರೆಯುವಂತಾಗಲಿ.

ತಮ್ಮ ತನ್ನ ಹಳೆಯ ಸೆನ್ಸರನ್ನು ಕೇಳಲು ಸರ್ವಿಸ್ ಸೆಂಟರಿಗೆ ಮತ್ತೆ ಹೋಗಿದ್ದ. ಗುಜರಿಗೆ ಹೋಯಿತು ಎಂದರಂತೆ.