ಪ್ರೇರಣೆಯ ಊಟ, ಊಟದ ಹೆಸರು

ಮನೆಯ ಅಡುಗೆ ತಾರಾ ಹೋಟೆಲಿನ ಮೇಜಿಗೇರಿದಾಗ ಅದರ ಬೆಲೆ ಹೆಚ್ಚುತ್ತದೆ. ಮಾನವೂ ಹೆಚ್ಚುತ್ತದೆಯೇ ಎಂಬುದು ಬೇರೆಯೇ ಪ್ರಶ್ನೆ. ಫಿಲಿಪ್ಪೀನ್ಸ್ ದೇಶದ ಆಹಾರಕ್ಕೆ ಈಚಿನ ವರ್ಷಗಳಲ್ಲಿ ಒದಗಿದ ಮನ್ನಣೆ ಈ ಪ್ರಶ್ನೆಯನ್ನು ಮುಂದಿಡುತ್ತದೆ. 2022ರಲ್ಲಿ ಶಿಕಾಗೋ ನಗರದ ಕಸಾಮಾ ಎಂಬ ಫಿಲಿಪಿನೋ ಭೋಜನಶಾಲೆಗೆ ಮಿಶೆಲಿನ್ ತಾರೆ ದೊರೆಯಿತು. ದುಬಾರಿ ಹೋಟೆಲುಗಳ ತಿನಿಸುಪಟ್ಟಿಗಳಲ್ಲಿ 'ಫಿಲಿಪಿನೋ ಪ್ರೇರಿತ' ಎಂಬ ಮಾತು ಈಗ ಅಪರೂಪವಲ್ಲ. ಭಾಷೆಯನ್ನು ಅಭ್ಯಸಿಸುವವರು ನಿಂತು ನೋಡಬೇಕಾದದ್ದು ಈ 'ಪ್ರೇರಿತ' ಎಂಬ ಪದವನ್ನೇ. ಅದು ಋಣವನ್ನು ಒಪ್ಪಿಕೊಳ್ಳುತ್ತದೆ; ಸಾಲ ಕೊಟ್ಟವರ ಹೆಸರನ್ನು ಮಾತ್ರ ಹೇಳುವುದಿಲ್ಲ.

ಹೆಸರು ಕಳೆದುಕೊಳ್ಳುವುದು ಆ ನಾಡಿಗೆ ಹೊಸತಲ್ಲ. ಅಲ್ಲಿನ ಸುಪ್ರಸಿದ್ಧ ಖಾದ್ಯ ಅಡೋಬೊ. ಮಾಂಸವನ್ನು ವಿನೆಗರಿನಲ್ಲಿ ಬೇಯಿಸುವ ಆ ಕ್ರಮ ಸ್ಥಳೀಯರದು, ಹೆಸರು ಸ್ಪೇನಿನದು. ಪೆದ್ರೊ ದೆ ಸಾನ್ ಬುಎನಾವೆಂತುರಾ ಎಂಬ ಪಾದ್ರಿ 1613ರಲ್ಲಿ ಪ್ರಕಟಿಸಿದ ಟಾಗಲಾಗ್ ನಿಘಂಟು ಅದನ್ನು ಅಲ್ಲಿಯ ಜನರ ಅಡೋಬೊ ಎಂದು ಗುರುತಿಸಿತು. ತಮಗೆ ತಿಳಿದ ಪದವನ್ನು ಪರರ ಪಾತ್ರೆಗೆ ಅಂಟಿಸಿದ ಆ ಕ್ರಮದಲ್ಲಿ ಅಡುಗೆ ಉಳಿಯಿತು; ಹಿಂದಿನ ಹೆಸರು ಮರೆಯಾಯಿತು. ನಿಘಂಟು ಪದವನ್ನು ಕಾಯಬಲ್ಲದು, ಮರೆಸಲೂ ಬಲ್ಲದು.

ಈ ಮರೆವಿಗೆ ಎದುರಾಗಿ ಬರೆದವರಲ್ಲಿ ಡೊರೀನ್ ಫರ್ನಾಂಡಿಸ್ ಪ್ರಮುಖರು. ಮನಿಲಾದ ಅತೆನೆಯೋ ವಿಶ್ವವಿದ್ಯಾಲಯದಲ್ಲಿ ಸಾಹಿತ್ಯ ಬೋಧಿಸಿದ ಈಕೆ ಆಹಾರವನ್ನೂ ಒಂದು ಕೃತಿಯಂತೆ ಓದಿದರು. ಅಡೋಬೊಗಿಂತಲೂ ಸಿನಿಗಾಂಗ್ ಎಂಬ ಹುಳಿಸಾರೇ ತನ್ನ ಜನರ ರುಚಿಯನ್ನು ಹೆಚ್ಚು ಪ್ರತಿನಿಧಿಸುತ್ತದೆ ಎಂಬುದು ಅವರ ವಾದ. ಹುಣಿಸೆ, ಬಿಂಬುಳಿ, ಮಾವಿನಕಾಯಿ, ಸೀಬೆ, ಹೀಗೆ ಹಿತ್ತಿಲಲ್ಲಿ ಸಿಕ್ಕಿದ ಹುಳಿಯೇ ಅದರ ಜೀವ. ಆ ಹುಳಿಯನ್ನು ತಗ್ಗಿಸಿ, ಪುಟ್ಟ ಬಟ್ಟಲಿಗೆ ಸುರಿದು, 'ಹುಣಿಸೆಯ ಸಾರ' ಎಂದು ಬಡಿಸಿದರೆ ಸಿನಿಗಾಂಗ್ ಎರಡು ಬಾರಿ ಇಲ್ಲವಾಗುತ್ತದೆ: ಒಮ್ಮೆ ನಾಲಗೆಯ ಮೇಲೆ, ಇನ್ನೊಮ್ಮೆ ಕಾಗದದ ಮೇಲೆ.

ಹಾಗೆಂದು ಬದಲಾವಣೆಯೇ ದೋಷವೆನ್ನಲಾಗದು. ಬದಲಾಗದ ಅಡುಗೆ ಯಾವ ನಾಡಿನಲ್ಲಿಯೂ ಇಲ್ಲ. ನಮ್ಮ ಆಚಾರ್ ಎಂಬ ಪದವೇ ಕಡಲು ದಾಟಿ ಅಲ್ಲಿ 'ಅಚಾರಾ' ಆಗಿ ಪಪ್ಪಾಯಿಯ ಉಪ್ಪಿನಕಾಯಿಗೆ ಹೆಸರಾಗಿದೆ. ಬದಲಿಸಿಯೂ ಮೂಲವನ್ನು ಗೌರವಿಸಬಹುದೆಂಬುದಕ್ಕೆ ಮಹಾನಗರ ಮನಿಲಾದ ತೊಯೊ ಈಟರಿ ಉತ್ತಮ ನಿದರ್ಶನ. ಅಲ್ಲಿನ ಪಾಕಪ್ರವೀಣ ಜೋರ್ಡಿ ನವಾರಾ 'ಬಹಾಯ್ ಕುಬೊ' ಎಂಬ ಜನಪದ ಗೀತೆಯಲ್ಲಿ ಎಣಿಸಲಾದ 18 ಬೆಳೆಗಳನ್ನು ಒಂದೇ ತಟ್ಟೆಗೆ ತಂದರು. ತಟ್ಟೆಗೂ ಹಾಡಿನ ಹೆಸರನ್ನೇ ಉಳಿಸಿದರು. ಮಕ್ಕಳು ಹಾಡುವ ಹಿತ್ತಿಲ ಹಾಡು ಶ್ರೀಮಂತರ ಮೇಜಿಗೆ ಬಂತು. ಆದರೆ ವೇಷ ಮರೆಸಿಕೊಂಡು ಬರಲಿಲ್ಲ.

ಪರದೇಶದ ಹೆಸರು ಗ್ರಾಹಕರಿಗೆ ತೊಡಕಾಗುತ್ತದೆ, ಆದ್ದರಿಂದ ತಿಳಿಯುವ ಮಾತಿನಲ್ಲಿ ಬರೆಯಬೇಕು ಎಂದು ಹೋಟೆಲಿನವರು ವಾದಿಸಬಹುದು. ಆದರೆ ಇಟಲಿಯ, ಜಪಾನಿನ ಪದಗಳನ್ನು ಇದೇ ಗ್ರಾಹಕರು ಕಲಿತಿದ್ದಾರೆ. ಪಾಸ್ತಾ, ಸುಶಿ ಎನ್ನಬಲ್ಲ ನಾಲಗೆಗೆ ಸಿನಿಗಾಂಗ್ ಕಠಿಣವಲ್ಲ. ತೊಡಕಿರುವುದು ಉಚ್ಚಾರಣೆಯಲ್ಲಲ್ಲ, ಯಾರ ಪದ ಕಲಿಯಲು ಯೋಗ್ಯ ಎಂಬ ಎಣಿಕೆಯಲ್ಲಿ.

1956ರಲ್ಲಿ ಕೇರಳಕ್ಕೆ ಸೇರಿದ ಕಾಸರಗೋಡಿನ ಕನ್ನಡ ವಿದ್ಯಾರ್ಥಿಗಳಿಗೆ ಈ ಎಣಿಕೆಯ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೇಕಲದ ಕಡಲತೀರದಲ್ಲಿಯೂ ಇಂದು ದುಬಾರಿ ಹೋಟೆಲುಗಳಿವೆ. ನಾಳೆ ಅಲ್ಲಿನ ಮೇಜಿಗೆ ಪತ್ರೊಡೆ ಬರುವುದಾದರೆ ಬರಲಿ. ಬೆಳ್ಳಿಯ ತಟ್ಟೆಯಲ್ಲಿಯೇ ಬರಲಿ. ಆದರೆ 'ಕರಾವಳಿ ಪ್ರೇರಿತ ಕೆಸುವಿನ ಸುರುಳಿ'ಯಾಗಿ ಬರಬಾರದು. ಪತ್ರೊಡೆ ಎಂದು ಬರೆದು, ಅದು ಏನೆಂದು ಕೆಳಗೊಂದು ಸಾಲಿನಲ್ಲಿ ತಿಳಿಸಿದರೆ ಸಾಕು. ಆ ಸಾಲನ್ನು ಸರಿಯಾಗಿ ಬರೆಯಬಲ್ಲವರು ಬೇಕು. ಕನ್ನಡವನ್ನು ಐಚ್ಛಿಕವಾಗಿ ಓದಿದವರಿಗೆ ಅದೂ ಒಂದು ಕೆಲಸವೇ.