ತಪ್ಪಿ ತಿದ್ದಿಕೊಂಡ ಬಾಳು

ಹಿರಿಯರ ಚರಿತ್ರೆಯನ್ನು ಬರೆಯುವವರು ಅವರ ತಪ್ಪುಗಳನ್ನು ಮರೆಮಾಚುವುದುಂಟು. ಅದು ಉಚಿತವಲ್ಲ. ತಪ್ಪನ್ನು ಅರಿಯದೆ, ತಿದ್ದಿಕೊಂಡವನ ಹಿರಿಮೆಯನ್ನು ಅಳೆಯುವುದೆಂತು? ಅಮೆರಿಕದ ವಕೀಲನೂ ರಾಜಕಾರಣಿಯೂ ಆಗಿದ್ದ ಥ್ಯಾಡಿಯಸ್ ಸ್ಟೀವನ್ಸನ ಬಾಳು ಈ ಮಾತಿಗೆ ನಿದರ್ಶನವಾಗಿದೆ.

ಸ್ಟೀವನ್ಸನು 1792ರಲ್ಲಿ ವರ್ಮಾಂಟ್ ರಾಜ್ಯದ ಬಡ ಕುಟುಂಬವೊಂದರಲ್ಲಿ ಜನಿಸಿದನು. ಹುಟ್ಟಿನಿಂದಲೇ ಆತನ ಒಂದು ಕಾಲು ಊನವಾಗಿತ್ತು. ತಂದೆ ಮನೆಯನ್ನು ತೊರೆದ ಮೇಲೆ ತಾಯಿ ದುಡಿದು ಮಕ್ಕಳನ್ನು ಸಾಕಿದಳು. ವಿದ್ಯಾಭ್ಯಾಸ ಮುಗಿಸಿದ ಆತನು ಪೆನ್ಸಿಲ್ವೇನಿಯಾದ ಗೆಟ್ಟಿಸ್‌ಬರ್ಗ್ ಪಟ್ಟಣದಲ್ಲಿ ವಕೀಲನಾಗಿ ಹೆಸರು ಪಡೆದನು.

ಹೊರ ರಾಜ್ಯದ ಒಡೆಯನು ಕರೆತಂದ ಗುಲಾಮರು ಪೆನ್ಸಿಲ್ವೇನಿಯಾದಲ್ಲಿ ಆರು ತಿಂಗಳು ವಾಸಿಸಿದರೆ ಸ್ವತಂತ್ರರಾಗುವರೆಂಬ ಕಾನೂನು ಅಲ್ಲಿತ್ತು. ಚಾರಿಟಿ ಬಟ್ಲರ್ ಎಂಬ ಕಪ್ಪು ಜನಾಂಗದ ಹೆಣ್ಣುಮಗಳು ಅದನ್ನು ನಂಬಿ ತನಗೂ ತನ್ನ ಮಕ್ಕಳಿಗೂ ಬಿಡುಗಡೆ ಬೇಡಿದಳು. ಆಕೆಯ ವಾಸ ನಿರಂತರವಾಗಿರಲಿಲ್ಲ, ಬಿಡಿ ದಿನಗಳನ್ನು ಕೂಡಿಸಿ ಲೆಕ್ಕಹಾಕಲಾಗದು ಎಂದು ಒಡೆಯನ ಪರವಾಗಿ ವಾದಿಸಿದವನು ಸ್ಟೀವನ್ಸನೇ! 1821ರಲ್ಲಿ ಆತನು ಗೆದ್ದನು. ತಾಯಿ ಮಕ್ಕಳು ಮತ್ತೆ ದಾಸ್ಯಕ್ಕೆ ಮರಳಿದರು.

ಮುಂದೆ ಆತನ ದಾರಿಯೇ ಬೇರೆಯಾಯಿತು. ಓಡಿಬಂದ ಗುಲಾಮರ ಪರವಾಗಿ ಆತನು ನ್ಯಾಯಾಲಯದಲ್ಲಿ ನಿಂತನು. ಕಪ್ಪು ಜನರ ಮತದಾನದ ಹಕ್ಕನ್ನು ಕಸಿದುಕೊಂಡ ರಾಜ್ಯ ಸಂವಿಧಾನಕ್ಕೆ 1838ರಲ್ಲಿ ಸಹಿ ಹಾಕಲೊಪ್ಪಲಿಲ್ಲ. 1835ರಲ್ಲಿ ಉಚಿತ ಶಾಲೆಗಳ ಶಾಸನವನ್ನು ರದ್ದುಪಡಿಸುವ ಯತ್ನ ನಡೆದಾಗ ಅದನ್ನು ತಡೆದುದು ಆತನ ಭಾಷಣ. ಅಪರಾಧಿಗಳ ಸೆರೆಮನೆಗೆ ಸಂತೋಷದಿಂದ ತೆರಿಗೆ ಕೊಡುವವರು, ಮಕ್ಕಳು ಅಪರಾಧಿಗಳಾಗದಂತೆ ಕಾಯುವ ಶಾಲೆಗೆ ಕೊಡಲು ಗೊಣಗುವುದೇಕೆ ಎಂಬುದು ಆತನ ಪ್ರಶ್ನೆಯಾಗಿತ್ತು. ಅಮೆರಿಕದ ಅಂತರ್ಯುದ್ಧದ ಬಳಿಕ ಕಾನೂನಿನ ಸಮಾನ ರಕ್ಷಣೆಯನ್ನು ಸಾರುವ 14ನೆಯ ತಿದ್ದುಪಡಿಗಾಗಿ ಆತನು ಸಂಸತ್ತಿನಲ್ಲಿ ಹೋರಾಡಿದನು. ಅದು 1868ರ ಜುಲೈಯಲ್ಲಿ ಸಂವಿಧಾನವನ್ನು ಸೇರಿತು. ಆಗಸ್ಟ್ 11ರಂದು ಆತನು ತೀರಿಕೊಂಡನು.

ಸ್ಟೀವನ್ಸನ ನಾಲಗೆ ಕಟುವಾಗಿತ್ತು. ಸೋತ ದಕ್ಷಿಣದವರಲ್ಲಿ ಆತನಿಗೆ ಕನಿಕರವಿರಲಿಲ್ಲವೆಂದು ದೂರುವವರುಂಟು. ಈ ದೂರಿನಲ್ಲಿ ಸತ್ಯಾಂಶವಿರಬಹುದು. ಆದರೆ ತಲೆಮಾರುಗಳ ದಾಸ್ಯವನ್ನು ಮೃದು ಮಾತುಗಳು ಅಳಿಸಿರಲಿಲ್ಲವೆಂಬುದನ್ನೂ ನೆನೆಯಬೇಕು.

ಜನಾಂಗಭೇದವಿಲ್ಲದೆ ಎಲ್ಲರಿಗೂ ಎಡೆಯಿದ್ದ ಲ್ಯಾಂಕಾಸ್ಟರಿನ ಚಿಕ್ಕ ಸ್ಮಶಾನವನ್ನೇ ಆತನು ತನ್ನ ಸಮಾಧಿಗೆ ಆರಿಸಿಕೊಂಡಿದ್ದನು. ಚಾರಿಟಿಗಾದ ಅನ್ಯಾಯವನ್ನು ಆತನ ಯಾವ ಸತ್ಕಾರ್ಯವೂ ಅಳಿಸಲಾರದು. ಆದರೆ ತಾನು ಗೆದ್ದ ವಾದಕ್ಕೇ ಅಂಟಿಕೊಳ್ಳದೆ, ಅದಕ್ಕೆ ವಿರುದ್ಧವಾಗಿ ಬಾಳೆಲ್ಲ ನಡೆಯುವುದು ಸುಲಭವಲ್ಲ. ಕಾನೂನಿನ ಪಾಂಡಿತ್ಯ ಕತ್ತಿಯಂತೆ. ಅದು ಯಾರ ಪರವಾಗಿ ಎದ್ದಿತು ಎಂಬುದರಿಂದಲೇ ಅದರ ಬೆಲೆ.